ಮಾಸ್ಟರ ಕತ್ತರಿ

ಮಂಗಳವಾರ, ತಾರೀಖು ಹದಿನಾಲ್ಕು

ಗೆಳೆಯ ಅಲ್ಲಪ್ಪನಿಗೆ,

ಹೌದಪ್ಪನ ನಮಸ್ಕಾರ. ಹೊಲಿಗೆ ಅಂಗಡಿಯಲ್ಲಿ ಮಾಸ್ಟರು ಇಟ್ಟ ಅಡ್ಡಹೆಸರುಗಳೇ ನಮಗೆ ಗಟ್ಟಿಯಾದವು, ನೋಡು. ಇಲ್ಲಿ ಎಲ್ಲರೂ ಕ್ಷೇಮ. ನೀನೂ ಮನೆಯವರೂ ಹಾಗೇ ಇದ್ದೀರಿ ಎಂದುಕೊಂಡಿದ್ದೇನೆ. ಈ ಕಾಗದ ಮೂರು ತಿಂಗಳು ತಡ. ಕೆಲಸ ಜಾಸ್ತಿ ಇತ್ತು ಎಂದರೆ ನೀನು ನಂಬುವುದಿಲ್ಲ, ಆದ್ದರಿಂದ ಹಾಗೆ ಬರೆಯುವುದಿಲ್ಲ. ಕ್ಷಮಿಸು.

ಮೊದಲು ಸುದ್ದಿ. ಮಾಸ್ಟರ ಬಲಗೈ ನಡುಗುತ್ತಿದೆ. ಮೂರು ತಿಂಗಳ ಹಿಂದೆ ಕೋಟಿನ ಬಟ್ಟೆಯ ಮೇಲೆ ಸೀಮೆಸುಣ್ಣದ ಗೆರೆ ಹಾವಿನ ಹಾಗೆ ಓಡಿತು. ಕತ್ತರಿ ಕೆಳಗಿಟ್ಟರು, ಮತ್ತೆ ಮುಟ್ಟಿಲ್ಲ. ಅವರನ್ನು ಬಿಟ್ಟು ಬೇರೆ ಯಾರೂ ಬಟ್ಟೆ ಕತ್ತರಿಸುವ ಆ ಮೇಜಿಗೆ ಮೊಣಕೈ ಊರುವಂತಿರಲಿಲ್ಲ, ನೆನಪಿದೆಯಲ್ಲ?

ಊಟದ ಹೊತ್ತಿನಲ್ಲಿ ಪೇಪರು ಹಿಡಿದು ನೀನು ಹೇಳುತ್ತಿದ್ದೆ: "ಕೇಳೋರಿಲ್ಲದ ರಾಜ ಒಳ್ಳೆಯವನಾದ್ರೆ ಅದು ಪ್ರಜೆಗಳ ಅದೃಷ್ಟ, ಹಕ್ಕಲ್ಲ ಕಣೋ." ನಾನು, "ನಾಲ್ಕು ಜನ ಸೇರಿ ಒಂದು ತೋಳು ಕತ್ತರಿಸಿದ್ರೆ ಅಂಗಿ ಆಗಲ್ಲ, ಒರೆಸೋ ಬಟ್ಟೆ ಆಗುತ್ತೆ" ಎನ್ನುತ್ತಿದ್ದೆ. ಈಗ ಕತ್ತರಿ ಯಾರ ಕೈಗೆ ಎಂದು ಓಟು ಹಾಕಿಸಿದವನು ನಾನೇ! ಬಿಳಿ ಗುಂಡಿ ನನಗೆ, ಕರಿ ಗುಂಡಿ ಕಾಜ ಹೊಲಿಯುವ ಅಕ್ಕನಿಗೆ. ಇಸ್ತ್ರಿಯವನೂ ಪ್ಯಾಂಟು ಹೊಲಿಯುವ ಮಾವನೂ ನನ್ನ ಕಡೆ. ಡಬ್ಬಿ ಸುರಿದರೆ ಮೂರು ಬಿಳಿ, ಒಂದು ಕರಿ. "ಹೂಂ ಹೂಂ ಅಂತಲೇ ರಾಜ ಆದವರನ್ನ ಇವತ್ತೇ ನೋಡಿದ್ದು" ಎಂದು ಅಕ್ಕ ನಕ್ಕಳು. ಮಾಸ್ಟರಿಗೆ ಹೇಳಿದಾಗ, "ಆಟ ಆಡ್ಕೊಳ್ರಪ್ಪ, ಅಲ್ಲೀವರೆಗೂ" ಎಂದರು. ಎಲ್ಲಿಯವರೆಗೆ ಎಂದು ಯಾರೂ ಕೇಳಲಿಲ್ಲ.

ಈಗ ಅವರು ಬಾಗಿಲ ಬಳಿಯ ಕುರ್ಚಿಯಲ್ಲಿ ಕೂರುತ್ತಾರೆ. ಎಲ್ಲರೂ ಕೈ ಮುಗಿಯುತ್ತೇವೆ, ಯಾರೂ ಅಪ್ಪಣೆ ಕೇಳುವುದಿಲ್ಲ. ಕಿರೀಟ ಒಬ್ಬರಿಗೆ, ಅಧಿಕಾರ ಇನ್ನೊಬ್ಬರಿಗೆ ಇರುವ ದೇಶಗಳ ವಿಷಯ ಓದಿ ಹೇಳುತ್ತಿದ್ದೆಯಲ್ಲ, ಹಾಗೆ. ಮೊನ್ನೆ ಒಂದು ಕಾಲರಿನ ಅಗಲಕ್ಕೆ ಅರ್ಧ ದಿನ ಸಭೆ ನಡೆಯಿತು. ಆದರೂ ಒಂದು ಮಾತು ಒಪ್ಪಬೇಕು: ನಾನು ಗೆರೆ ತಪ್ಪಿದರೆ ಅಕ್ಕ ಮುಖಕ್ಕೇ ಹೇಳುತ್ತಾಳೆ, ಬಟ್ಟೆ ಉಳಿಯುತ್ತದೆ. ಆರು ವರ್ಷದ ಹಿಂದೆ ಗಿರಾಕಿಯ ಮುಂದೆ ಮಾಸ್ಟರಿಗೆ "ಭುಜ ತಪ್ಪಿದೆ" ಎಂದ ನಿನ್ನ ಕೆಲಸ ಮಾತ್ರ ಹೋಯಿತು.

ಹೋಯಿತು ಎನ್ನಲೇ? ನೀನು ಕತ್ತರಿಸಿದ ಕಾಲರಿನ ಕಾಗದದ ಅಚ್ಚು ಇನ್ನೂ ಗೋಡೆಯ ಮೊಳೆಯಲ್ಲಿ ತೂಗುತ್ತಿದೆ. ಧೂಳು ಒರೆಸುವವರು ಸ್ವತಃ ಮಾಸ್ಟರು. ಗಿರಾಕಿ ಬಂದರೆ, "ಒಬ್ಬನಿದ್ದ, ನನಗೇ ಎದುರು ಮಾತಾಡ್ತಿದ್ದ" ಎಂದು ಹೆಮ್ಮೆಯಿಂದ ಶುರು. ಇಪ್ಪತ್ತೆರಡು ವರ್ಷ ಹೂಂ ಎಂದ ನಾನು ಪಕ್ಕದಲ್ಲೇ ತೋಳು ಕೂಡಿಸುತ್ತಿರುತ್ತೇನೆ. ನನ್ನ ಅಚ್ಚು ಯಾವ ಮೊಳೆಯಲ್ಲೂ ಇಲ್ಲ. ಹೊಟ್ಟೆ ಉರಿಯುತ್ತದೆ, ಅಲ್ಲಪ್ಪ. ಇಸ್ತ್ರಿ ಪೆಟ್ಟಿಗೆಗೆ ಬೇರೆ ಕೆಂಡ ಬೇಡ.

ನಿನ್ನ ಮನೆಯಾಕೆಗೆ ನಮಸ್ಕಾರ, ಮಕ್ಕಳಿಗೆ ಆಶೀರ್ವಾದ. ನೂರು ಕಾಲ ಬಾಳಿ.

ನಿನ್ನ
ಹೌದಪ್ಪ

ತಾ.ಕ.: ಕತ್ತರಿ ಕೆಳಗಿಟ್ಟ ದಿನ ಮಾಸ್ಟರು ನನ್ನೊಬ್ಬನನ್ನೇ ಒಳಗೆ ಕರೆದು, "ಕತ್ತರಿ ಅಲ್ಲಪ್ಪನಿಗೆ. ಕಾಗದ ಬರಿ, ಬಾ ಅನ್ನು" ಎಂದರು. ಹೂಂ ಎಂದೆ. ಹೊರಗೆ ಬಂದು, "ಓಟು ಹಾಕೋಣ" ಎಂದೆ. "ಉತ್ತರ ಬಂತೇನೋ?" ಎಂದು ಅವರು ದಿನಾ ಕೇಳುತ್ತಾರೆ. ಇಲ್ಲ ಎನ್ನುತ್ತೇನೆ. ಬರೆಯದ ಕಾಗದಕ್ಕೆ ಉತ್ತರ ಎಲ್ಲಿಂದ ಬರಬೇಕು? ನಿನ್ನೆ ಅವರು, "ಅವನ ಕೋಪ ಇನ್ನೂ ಇಳಿದಿಲ್ಲ. ಭುಜ ತಪ್ಪಿದ್ದು ನಿಜ ಕಣೋ" ಎಂದರು. ಆ ಮಾತು ಕೇಳಬೇಕಾಗಿದ್ದವನು ನೀನು.

ಬಾ. ಬಂದ ಮೇಲೆ ಮತ್ತೆ ಗುಂಡಿ ಡಬ್ಬಿ ಇಡೋಣ. ನನ್ನ ಗುಂಡಿ ಯಾರಿಗೆ ಎಂದು ಮಾತ್ರ ಕೇಳಬೇಡ.