ಒಡೆಯದೆ ಉಳಿಸಿದ ಮಡಕೆ

ಕಾವಾಸಾಕಿ
೧೪ ಅಕ್ಟೋಬರ್ ೧೯೯೯

ಪ್ರೀತಿಯ ಅತ್ತೆ,

ನಿಮ್ಮ ಯಾಮಿನಿಯ ನಮಸ್ಕಾರ. ಮಂಡಿನೋವು ಹೇಗಿದೆ? ಎಣ್ಣೆ ಹಚ್ಚಿಕೊಳ್ಳುತ್ತಿದ್ದೀರೋ, ಇಲ್ಲ ನಿಮ್ಮ ಮಗ ತಂದುಕೊಟ್ಟ ಬಾಟಲಿ ದೇವರ ಗೂಡಿನ ಪಕ್ಕ ಕೂತು ಪೂಜೆ ಮಾಡಿಸಿಕೊಳ್ಳುತ್ತಿದೆಯೋ? ಕೃತಿಗೆ ಕೆಮ್ಮು, ದಿನಾ ಬೆಳಿಗ್ಗೆ ದೊಡ್ಡಪತ್ರೆ ರಸಕ್ಕೆ ಜೇನು ಬೆರೆಸಿ ಕುಡಿಸುತ್ತಿದ್ದೇನೆ ಎಂದು ಬರೆದಿದ್ದಿರಿ. ಓದಿ ಸಮಾಧಾನವಾಯಿತು. ನಾಲ್ಕು ವರ್ಷದ ಮಗಳನ್ನು ನಿಮ್ಮ ಮಡಿಲಿಗೆ ಹಾಕಿ ಆರು ತಿಂಗಳಿಗೆಂದು ಬಂದವಳು ನಾನು. ನೀವಿದ್ದೀರಿ ಅನ್ನುವುದೊಂದೇ ಧೈರ್ಯ. ಇಲ್ಲಿ ನಾನು ಚೆನ್ನಾಗಿದ್ದೇನೆ. ಅಕ್ಕಿ ಸಿಗುತ್ತದೆ, ಮೊಸರು ಸಿಗುತ್ತದೆ, ನಿಮ್ಮ ಸಾರಿನ ಪುಡಿ ಇನ್ನೂ ಅರ್ಧ ಡಬ್ಬಿ ಇದೆ.

ನನ್ನ ಕೆಲಸ ಏನೆಂದು ಕೇಳಿದ್ದಿರಲ್ಲ. ಇದು ನೀರು ಪರೀಕ್ಷೆ ಮಾಡುವ ಲ್ಯಾಬು. ಎರಡು ಸಾವಿರದ ಇಸವಿ ಬಂದ ಕೂಡಲೇ ಇವರ ಕಂಪ್ಯೂಟರುಗಳು ದಿಕ್ಕುತಪ್ಪಿ ಸಾವಿರದ ಒಂಬೈನೂರಕ್ಕೆ ಓಡದಂತೆ ತಾರೀಖು ತಿದ್ದಬೇಕು, ಅಷ್ಟೇ. ತಾರೀಖಿನ ಪಕ್ಕದಲ್ಲಿ ಸಾಲುಸಾಲು ಅಂಕಿಗಳಿರುತ್ತವೆ. ಅವು ಏನೆಂದು ಎರಡು ತಿಂಗಳಿಂದ ನಾನು ಕೇಳಿಯೇ ಇರಲಿಲ್ಲ. ನಿನ್ನೆ ಮಿಯಾಕೆ ಸಾನ್ ನನ್ನನ್ನು ಒಳಗೆ ಕರೆದರು. ಇಲ್ಲಿನ ಹಿರಿಯ ಕೆಮಿಸ್ಟ್, ಹೆಚ್ಚುಕಡಿಮೆ ನಿಮ್ಮ ವಯಸ್ಸಿನ ಹೆಂಗಸು, ಮಾತು ನಿಮಗಿಂತಲೂ ಕಡಿಮೆ. ಒಂದು ಉದ್ದ ಗಾಜಿನ ಕೊಳವೆ ನಿಲ್ಲಿಸಿದ್ದರು. ಅದರ ಮೇಲಿನ ಸೀಸೆಯಲ್ಲಿ ತಾಮ್ರ ಕರಗಿದ ನೀರು, ಮೈಲುತುತ್ತದ ಹಾಗೆ ಕಡುನೀಲಿ. ಕೊಳವೆಯೊಳಗೆ ಇದ್ದದ್ದು ಸುಟ್ಟ ಮಣ್ಣಿನ ಉಂಡೆಗಳು, ಭತ್ತದ ಹೊಟ್ಟು, ಕುಡಿದು ಒಣಗಿಸಿದ ಚಹಾಸೊಪ್ಪು. ಮೆಷೀನ್ ಎಲ್ಲಿ ಎಂದು ಕೇಳಿದೆ. ಇದೇ ಮೆಷೀನ್ ಎಂದರು. ನನಗೆ ನಗು ಬಂತು, ತಡೆದುಕೊಂಡೆ. ಮೇಲಿನಿಂದ ನೀಲಿ ಇಳಿಯಿತು, ಕೆಳಗೆ ತೊಟ್ಟಿಕ್ಕಿದ್ದು ಎಳನೀರಿನಂಥ ತಿಳಿನೀರು. ಅತ್ತೆ, ನನಗೆ ಮೈ ಜುಮ್ಮೆಂದಿತು. ಸೀಸ, ನಿಕ್ಕಲ್ ಕಣ್ಣಿಗೆ ಕಾಣುವುದಿಲ್ಲ, ಅವನ್ನೂ ಮಣ್ಣು ಹೀಗೇ ಹಿಡಿದಿಟ್ಟುಕೊಳ್ಳುತ್ತದಂತೆ. ಅದರ ಲೆಕ್ಕವನ್ನು ನನ್ನದೇ ಪರದೆಯ ಮೇಲೆ ತೋರಿಸಿದರು. ಎರಡು ತಿಂಗಳು ನಾನು ದಾಟಿಕೊಂಡು ಹೋಗುತ್ತಿದ್ದ ಅಂಕಿಗಳು ಅವು. ಕೋಟಿಗಟ್ಟಲೆ ಬೆಲೆಯ ಯಂತ್ರಗಳ ನಡುವೆ ನಿಂತು ನಾನು ಬಾಯಿ ಬಿಟ್ಟುಕೊಂಡು ನೋಡಿದ್ದು ಒಂದು ಹಿಡಿ ಮಣ್ಣನ್ನು.

ನೋಡುತ್ತ ನೋಡುತ್ತ ನಮ್ಮ ಅಡುಗೆಮನೆ ಕಣ್ಣಿಗೆ ಕಟ್ಟಿತು. ಒಂದರ ಮೇಲೊಂದು ನಿಮ್ಮ ಎರಡು ಮಡಕೆ; ಮೇಲಿನದರಲ್ಲಿ ಮರಳು, ಇದ್ದಿಲು, ಹೆಂಚಿನ ಚೂರು, ಲಾವಂಚದ ಬೇರು. ಹಿಂದಿನ ಬೀದಿಯಲ್ಲಿ ನಿಕ್ಕಲ್ ಲೇಪ ಹಾಕುವ ಪ್ಲೇಟಿಂಗ್ ಶೆಡ್ಡುಗಳು ಬಂದಮೇಲೆ ಬೋರ್‌ವೆಲ್ ನೀರಿನ ರುಚಿ ಕೆಟ್ಟಿತೆಂದು ನೀವು ಹೂಡಿದ ಏರ್ಪಾಡು. ಅಂಗಡಿಯ ಫಿಲ್ಟರ್ ತರೋಣ ಎಂದು ನಾನು ಎಷ್ಟು ಗೊಣಗಿದೆ, ಎಷ್ಟು ಹಂಗಿಸಿದೆ. ಕ್ಷಮಿಸಿಬಿಡಿ. ಪ್ರತಿ ಯುಗಾದಿಗೂ ಹೊಸ ಮಡಕೆ ತಂದು ಹಳೆಯದನ್ನು ನೀವು ಒಡೆದು ಹಿತ್ತಲ ಮೂಲೆಯಲ್ಲಿ ಹೂಳುತ್ತಿದ್ದಿರಿ. ಈ ವರ್ಷ ನಾನು ಅಡ್ಡ ಬಂದೆ. “ಗಟ್ಟಿ ಮಡಕೆ ಅತ್ತೆ, ಸುಮ್ನೆ ಯಾಕೆ ಒಡೀತೀರ?” ಅಂದೆ. “ನೀರಿನ ಕೊಳೆಯೆಲ್ಲ ಕುಡಿದಿರೋ ಮಡಕೆ ಕಣೇ, ಅದರ ಕೆಲಸ ಮುಗೀತು, ಹೋಗ್ಲಿ ಬಿಡು” ಅಂದಿರಿ. ನಾನು ಬಿಡಲಿಲ್ಲ. ಒಳಗಿದ್ದ ಮರಳು, ಇದ್ದಿಲಿನ ಮೇಲೇ ಗೊಬ್ಬರ ಸುರಿದು ದೊಡ್ಡಪತ್ರೆ ಕಡ್ಡಿ ನೆಟ್ಟೆ. ಎರಡು ದಿನ ನನ್ನ ಜೊತೆ ಮಾತು ಬಿಟ್ಟಿರಿ. ಮೂರನೆಯ ದಿನ ನೋಡಿದರೆ ಅದಕ್ಕೆ ನೀರು ಹಾಕುತ್ತಿದ್ದವರು ನೀವೇ. ಸೊಸೆ ನೆಟ್ಟದ್ದು ಒಣಗಬಾರದು ಅಂತ ತಾನೇ? ನಿಮ್ಮ ಈ ಗುಣ ನನಗೆ ಬಂದಿದ್ದರೆ ಚೆನ್ನಾಗಿತ್ತು.

ನಿಮ್ಮ ಮಗನಿಗೆ ಹೊತ್ತಿಗೆ ಸರಿಯಾಗಿ ಉಣ್ಣಲು ಹೇಳಿ. ಕೃತಿಯ ಎರಡೂ ಕೆನ್ನೆಗೆ ನನ್ನ ಮುತ್ತು. ನಿಮ್ಮ ಕಾಲಿಗೆ ಇಲ್ಲಿಂದಲೇ ಎರಗುತ್ತೇನೆ.

ಇತಿ ನಿಮ್ಮ ಜಗಳಗಂಟಿ ಸೊಸೆ,
ಯಾಮಿನಿ

ತಾ.ಕ.: ಕವರಿಗೆ ಅಂಟು ಹಚ್ಚುವಷ್ಟರಲ್ಲಿ ಮಿಯಾಕೆ ಸಾನ್ ಬಂದರು. ನಿಮ್ಮ ಮಡಕೆಯ ಕಥೆ, ನನ್ನ ಗಿಡದ ಕಥೆ ಎರಡನ್ನೂ ಜಂಬದಿಂದ ಹೇಳಿದೆ. ಅವರು ನಗಲಿಲ್ಲ. ಕೈ ಹಿಡಿದು ಕರೆದುಕೊಂಡು ಹೋಗಿ ಒಂದು ಪೀಪಾಯಿ ತೋರಿಸಿದರು. ಕೆಲಸ ಮುಗಿದ ಮಣ್ಣು, ಚಹಾಸೊಪ್ಪು ಎಲ್ಲ ಅದರೊಳಗೆ, ಮುಚ್ಚಳಕ್ಕೆ ಬೀಗ. ನೀರಿನಿಂದ ತೆಗೆದದ್ದು ಎಲ್ಲಿಗೂ ಹೋಗಿರುವುದಿಲ್ಲ, ಮಣ್ಣಿನಲ್ಲೇ ಇರುತ್ತದೆ, ಅದಕ್ಕೇ ಗಿಡಕ್ಕೆ ಹಾಕುವುದಿಲ್ಲ ಎಂದರು. ಆಮೇಲೆ ಕೇಳಿದರು, ಆ ಗಿಡದ ಎಲೆ ಯಾರು ತಿನ್ನುತ್ತಾರೆ ಎಂದು. ನನ್ನ ಮಗಳು ಎಂದೆ. ಅತ್ತೆ, ಕೃತಿಗೆ ಆ ರಸ ಈ ಕಾಗದ ಸಿಕ್ಕ ಕೂಡಲೇ ನಿಲ್ಲಿಸಿ. ಆ ಸೀಸ, ನಿಕ್ಕಲ್ ಎಲೆಗೆ ಏರಿದೆಯೋ ಇಲ್ಲವೋ, ಪರೀಕ್ಷೆ ಮಾಡದೆ ಹೇಳಲಾಗದಂತೆ. ನಾಲ್ಕು ಎಲೆ, ಒಂದು ಹಿಡಿ ಮಣ್ಣು ಕಟ್ಟಿ ಇಡಿ. ಮಗುವನ್ನು ಡಾಕ್ಟರಿಗೆ ತೋರಿಸಿ, ಮಡಕೆಯ ವಿಷಯ ಮುಚ್ಚಿಡದೆ ಹೇಳಿ. ಪಕ್ಕದ ಮನೆ ಉಷಾ ಅವರಿಗೆ ಮೂರು ಸಲ ಫೋನ್ ಮಾಡಿದೆ, ಎತ್ತಲಿಲ್ಲ, ಸಿಗುವವರೆಗೂ ಮಾಡುತ್ತೇನೆ. ತಪ್ಪು ನನ್ನದು, ನೀವು ನೊಂದುಕೊಳ್ಳಬೇಡಿ. ಆ ಮಡಕೆಯನ್ನು ನಿಮ್ಮ ಕೈಯಿಂದಲೇ ಒಡೆದುಬಿಡಿ. ಈ ಸಲ ನಾನು ಅಡ್ಡ ಬರುವುದಿಲ್ಲ.