ನೀವು ಗುರುತು ಹಾಕದ ನಂಬರ್ ಪ್ಲೇಟು

ವಾಸಣ್ಣಾ,

‘ನಾನು ಇಲ್ಲಿ ಕ್ಷೇಮ, ನೀವೂ ಕ್ಷೇಮವೆಂದು ನಂಬಿದ್ದೇನೆ’ ಎಂದು ಅಭ್ಯಾಸದಂತೆ ಬರೆದುಬಿಟ್ಟೆ. ಆಮೇಲೆ ಹೊಡೆದು ಹಾಕಿದೆ. ಏಳನೇ ಕ್ಲಾಸಿನಲ್ಲಿ ನಮಗೆ ಪತ್ರಲೇಖನ ಕಲಿಸಿದ ಮೇಷ್ಟ್ರು ತೀರಿಹೋದವರಿಗೆ ಏನು ಒಕ್ಕಣೆ ಎಂದು ಹೇಳಿಕೊಟ್ಟಿರಲಿಲ್ಲ. ಹನ್ನೊಂದು ವರ್ಷ ನಾವಿಬ್ಬರು ಬೈದಾಡಿಕೊಂಡದ್ದೆಲ್ಲ ತುಳುವಿನಲ್ಲಿ. ಬರೆಯಲಿಕ್ಕೆ ಮಾತ್ರ ನನಗೆ ಆ ಶಾಲೆಯ ಕನ್ನಡವೇ ಗತಿ. ತಪ್ಪಿದ್ದರೆ ನಗಬೇಡಿ. ನಕ್ಕರೂ ನನಗೆ ಕೇಳಿಸುವುದಿಲ್ಲವಲ್ಲ, ಈಗ ಅದೇ ತೊಂದರೆ.

ಊರಿನಿಂದ ಲೀಲಕ್ಕನ ಕಾಗದ ಮೊನ್ನೆ ಕೈಗೆ ಬಂತು. ಗಂಡ ಹೋದ ಸುದ್ದಿಯನ್ನು ಅವರೇ ಬರೆದಿದ್ದಾರೆ. ಯುದ್ಧ ಮುಗಿದು ಇಲ್ಲಿ ಅಂಚೆ ಈಗಷ್ಟೇ ಮತ್ತೆ ಶುರುವಾಗಿದೆ. ಜನವರಿಯಲ್ಲೇ ಹೋದಿರಂತೆ. ಬೆಳಿಗ್ಗೆ ಗಂಜಿ ಉಂಡು, ಎದೆ ಹಿಡಿದಂತಾಗ್ತದೆ ಎಂದು ಗೋಡೆಗೊರಗಿ ಕುಳಿತವರು ಮತ್ತೆ ಏಳಲಿಲ್ಲವಂತೆ. ಈಗ ಮೇ ತಿಂಗಳು. ಹಾಗಾದರೆ ನಾಲ್ಕು ತಿಂಗಳು ಕುವೈತಿನ ಫರ್ವಾನಿಯಾದ ಈ ಕೋಣೆಯಲ್ಲಿ ನಿಮ್ಮ ಖಾಲಿ ಮಂಚದ ಕಡೆ ತಿರುಗಿ ನಾನು ಮಾತಾಡಿದ್ದು ಯಾರ ಹತ್ತಿರ? ‘ವಾಸಣ್ಣ, ಇವತ್ತೂ ಸೂರ್ಯ ಕಾಣಲಿಲ್ಲ’, ‘ವಾಸಣ್ಣ, ಇವತ್ತು ನೀರು ಬಂತು’ ಎಂದು ದಿನಾ ವರದಿ ಒಪ್ಪಿಸುತ್ತಿದ್ದೆ. ನೀವು ಊರಿನಲ್ಲಿ ಮೀನು ಸಾರು ಉಣ್ಣುತ್ತ ನನ್ನನ್ನು ಬೈಯುತ್ತಿರುತ್ತೀರಿ ಎಂದುಕೊಂಡು...

ರಾಯ್ ಪೇಟೆಯ ನಂಬರ್ ಪ್ಲೇಟಿನ ಅಂಗಡಿಗೆ ನಾನು ಬಂದ ಮೊದಲ ದಿನ ನೆನಪಿದೆಯೇ? ‘ಊರಿನಲ್ಲಿ ಬಸ್ಸಿನ ಹಿಂದೆ ನವಿಲು ಬರೆದವ ನಾನು, ನಂಬರು ಬರೆಯುವುದು ಏನು ಮಹಾ’ ಎಂದಿದ್ದೆ. ನೀವು ಒಂದು ತಗಡು, ಒಂದು ಸುತ್ತಿಗೆ ಕೈಗೆ ಕೊಟ್ಟಿರಿ. “ನವಿಲಿನ ಗರಿ ನಾಲ್ಕು ಕಮ್ಮಿ ಆದ್ರೆ ಯಾರೂ ಕೇಳುದಿಲ್ಲ ಮಾರಾಯ. ಇಲ್ಲಿ ಒಂದು ಅಂಕೆ ತಪ್ಪಿದ್ರೆ ಗಾಡಿ ಬೇರೆಯವನದ್ದಾಗ್ತದೆ.” ಯಂತ್ರದಲ್ಲಿ ಒತ್ತಿದ ಪ್ಲೇಟು ಎಲ್ಲೆಂದರಲ್ಲಿ ಸಿಗುವಾಗಲೂ ಹಳೆಯ ಕಾರಿನ ಶೋಕಿಯವರು ನಿಮ್ಮನ್ನೇ ಹುಡುಕಿಕೊಂಡು ಬರುತ್ತಿದ್ದರು. ಅಪ್ಪನ ಕಾಲದ ಕಾರಿಗೆ ಅಪ್ಪನ ಕಾಲದ್ದೇ ನಮೂನೆಯ ಪ್ಲೇಟು ಬೇಕು ಅವರಿಗೆ. ಕಪ್ಪು ತಗಡು, ಹಿಂದಿನಿಂದ ತಟ್ಟಿ ಎಬ್ಬಿಸಿದ ಅಂಕೆ, ಉಬ್ಬಿದಲ್ಲಿ ಮಾತ್ರ ಬಿಳಿ ಬಣ್ಣ. ಕೆಲಸ ಮನಸ್ಸಿಗೆ ಬಂದರೆ ಹಿಂಬದಿಯ ಮೂಲೆಯಲ್ಲಿ ಮೊಳೆಯಿಂದ ಕೋಳಿಕಾಲಿನ ಹಾಗೆ ಮೂರು ಗೀರು ಎಳೆಯುತ್ತಿದ್ದಿರಿ. ಕಾರಿಗೆ ಕೂರಿಸಿದ ಮೇಲೆ ಯಾರ ಕಣ್ಣಿಗೂ ಬೀಳದ ಗುರುತು. ಆ ಮೂರು ಗೀರಿಗಾಗಿ ನಾನು ಹನ್ನೊಂದು ವರ್ಷ ಕಾದೆ ಎಂದರೆ ನೀವು ನಂಬುತ್ತಿದ್ದಿರೋ ಇಲ್ಲವೋ.

ಕಳೆದ ಜುಲೈಯಲ್ಲಿ ಬ್ನೇದ್ ಅಲ್ ಗಾರಿನ ಅಬು ಸಾಲೆಂ ಬಂದದ್ದು ಕಣ್ಣ ಮುಂದಿದೆ. ಅವರ ತಂದೆ ಕೊಂಡ ಮೊದಲ ಕಾರು, ತಂದೆಯ ಅದೇ ನಂಬರು, ಮುಂದೊಂದು ಹಿಂದೊಂದು ಪ್ಲೇಟು. “ಮುಂದಿನದ್ದು ನಾನು ಮಾಡ್ತೇನೆ, ಹಿಂದಿನದ್ದು ನೀನು ಮಾಡು” ಎಂದಿರಿ. ಹಳೆ ನಮೂನೆಯ ಕೆಲಸ ನನ್ನ ಕೈಗೆ ಕೊಟ್ಟದ್ದು ಅದೇ ಮೊದಲು. ಆ ಖುಷಿಗೆ ನಾನು ನನ್ನ ಬುದ್ಧಿ ತೋರಿಸಿದೆ. ಅಂಕೆ ತಟ್ಟಿ ಬಣ್ಣ ಹೊಡೆದ ಮೇಲೆ ಚಹಾದ ಚರಟ, ಉಪ್ಪು, ಮರಳು ಸೇರಿಸಿ ಎರಡು ದಿನ ತಿಕ್ಕಿ, ಅಲ್ಲಲ್ಲಿ ಬಣ್ಣ ಏಳಿಸಿ, ಅಂಚಿಗೆ ತುಕ್ಕು ಹಿಡಿಸಿ ತಂದಿಟ್ಟೆ. “ನೋಡಿ, ನಲವತ್ತು ವರ್ಷ ಹಳೆಯದು ಎರಡೇ ದಿನದಲ್ಲಿ! ಇಡೀ ಕುವೈತಿನಲ್ಲಿ ಯಾರಾದರೂ ಮಾಡಲಿ!”

ನೀವು ಅದನ್ನು ತಿರುಗಿಸಿ ನೋಡಿ ಮೇಜಿನ ಮೇಲಿಟ್ಟಿರಿ.

“ಇದು ಹಳೆಯದಲ್ಲ, ಹಾಳಾದದ್ದು. ಅವರಪ್ಪ ಕಾರು ತಂದ ದಿವಸ ಈ ಪ್ಲೇಟು ಹೊಸದೇ ಇತ್ತಲ್ಲನಾ? ಆ ದಿವಸದ್ದು ಮಾಡ್ಲಿಕ್ಕೆ ಹೇಳಿದ್ದು ನಿನಗೆ.”

“ಅವರಿಗೆ ಇದೇ ಚೆಂದ ಕಾಣ್ತದೆ.”

“ಅವರಿಗೆ ಕಾಣಬಹುದು. ನನಗೆ ಕಾಣುದಿಲ್ಲ.”

ವಾರವಿಡೀ ನಾನು ನಿಮ್ಮ ಜೊತೆ ಸರಿಯಾಗಿ ಮಾತಾಡಲಿಲ್ಲ. ಅದೇ ವಾರ ಲೀಲಕ್ಕನಿಗೆ ನಿಮ್ಮ ಕಾಗದದ ಕೆಳಗೆ ಎರಡು ಸಾಲು ಸೇರಿಸಿದ್ದೆನಲ್ಲ, ಅದರಲ್ಲಿ ಏನಿತ್ತು ಎಂದು ಈಗ ಹೇಳುತ್ತೇನೆ. ‘ನನ್ನ ಪ್ಲೇಟಿಗೂ ವಾಸಣ್ಣ ಕೋಳಿಕಾಲು ಹಾಕಿದರು’ ಎಂದು ಬರೆದಿದ್ದೆ. ಸುಳ್ಳು. ಶುದ್ಧ ಸುಳ್ಳು.

ಆಗಸ್ಟಿನಲ್ಲಿ ಆದದ್ದು ನಿಮಗೆ ಗೊತ್ತೇ ಇದೆ. ಒಂದು ಬೆಳಿಗ್ಗೆ ಎದ್ದರೆ ಬೀದಿಯ ತುಂಬ ಬೇರೆ ದೇಶದ ಟ್ಯಾಂಕು. ನಮ್ಮ ಕುವೈತಿ ಯಜಮಾನ, ಕಫೀಲ್, ಅಂಗಡಿಯ ಬೀಗದ ಕೈ ನಮಗೆ ಕೊಟ್ಟು ಸೌದಿಗೆ ದಾಟಿದರು. ಸೆಪ್ಟೆಂಬರಿನಲ್ಲಿ ಊರಿನವರೆಲ್ಲ ಬಾಗ್ದಾದ್ ದಾರಿಯಾಗಿ ಅಮ್ಮಾನಿಗೆ ಬಸ್ಸು ಹತ್ತಿದಾಗ ನಾನು ಎದೆ ಉಬ್ಬಿಸಿ, “ಅಂಗಡಿ ನೋಡಿಕೊಳ್ಳಲು ಒಬ್ಬ ಗಂಡಸು ಬೇಡವಾ? ನಾನಿರ್ತೇನೆ” ಎಂದೆ. ನೀವು ಒಂದು ಸಲ ‘ಬಾ’ ಎಂದಿದ್ದರೆ ಬರುತ್ತಿದ್ದೆ ವಾಸಣ್ಣ. ಚೀಲ ಕಟ್ಟಿ ಮಂಚದ ಅಡಿ ಇಟ್ಟುಕೊಂಡಿದ್ದೆ. ನಾನೇ ಕೇಳಲಿ ಎಂದು ನೀವೂ ಕಾದಿರಾ? ಬಸ್ಸಿನ ಕಿಟಕಿಯಿಂದ ನೀವು ಹೇಳಿದ್ದು ಒಂದೇ ಮಾತು, “ಅದನ್ನು ಸರಿ ಮಾಡು.” ಗೊತ್ತಿದ್ದೂ ತಂಟೆಗೆ “ಯಾವುದನ್ನು?” ಎಂದೆ. ಬಸ್ಸು ಹೊರಟಿತು. ಸಾಯುವವರ ಜೊತೆ ಆಡುವ ಕೊನೆಯ ಮಾತು ಎಂದು ಗೊತ್ತಿದ್ದರೆ...

ಆಮೇಲಿನದ್ದು ನಿಮಗೆ ಗೊತ್ತಿಲ್ಲ. ಇಲ್ಲಿನ ಗಾಡಿಗಳೆಲ್ಲ ಕುವೈತಿನ ಪ್ಲೇಟು ಕಿತ್ತು ಅವರ ದೇಶದ ಪ್ಲೇಟು ಹಾಕಿಸಬೇಕೆಂದು ಹುಕುಂ ಆಯಿತು. ಇಲ್ಲಿಯವರಲ್ಲಿ ಹಲವರು ಹಾಕಿಸಲಿಲ್ಲ. ಕಾರನ್ನೇ ಮನೆಯೊಳಗೆ ಬಚ್ಚಿಟ್ಟರು. ಒಂದು ದಿನ ಇಬ್ಬರು ಸಿಪಾಯಿಗಳು ಅಂಗಡಿಯ ಬಾಗಿಲು ಬಡಿದು, ಇಲ್ಲಿ ಪ್ಲೇಟು ಮಾಡುವವ ಯಾರು ಎಂದು ಕೇಳಿದರು. ಯೋಚಿಸಿ ನೋಡಿ ವಾಸಣ್ಣ, ಕೇಳದಿದ್ದರೂ ‘ನಾನೇ ನಾನೇ’ ಎನ್ನುವ ಈ ಸಂಜೀವ ಆ ದಿನ “ಅನಾ ತಬ್ಬಾಖ್” ಎಂದ. ಅಡುಗೆಯವ! ಕೈ ನೋಡಿದರು. ಉಗುರಿನ ಸಂದಿಯ ಬಣ್ಣ ಕಾಣದ ಹಾಗೆ ಮೊದಲೇ ಅರಿಶಿನ ತಿಕ್ಕಿಕೊಂಡಿದ್ದೆ. ಚಹಾ ಮಾಡು ಎಂದರು. ಅಂಥಾ ಕೆಟ್ಟ ಚಹಾ ನೀವು ಕುಡಿದಿರಲಿಕ್ಕಿಲ್ಲ. ಎರಡನೆಯ ಲೋಟ ಅವರು ಕೇಳಲಿಲ್ಲ. ಏಳು ತಿಂಗಳು ನನಗೆ ಏನೂ ಬರುವುದಿಲ್ಲ ಎಂದು ಹೇಳಿಕೊಂಡು ಬದುಕಿದೆ. ಹಸಿವು ತಡೆದುಕೊಂಡೆ. ಇದನ್ನು ತಡೆದುಕೊಳ್ಳುವುದೇ ಹೆಚ್ಚು ಕಷ್ಟವಾಯಿತು.

ನಮ್ಮ ಎರಡೂ ಪ್ಲೇಟನ್ನು ಎಲ್ಲಿಟ್ಟಿದ್ದೆ ಹೇಳಿ ನೋಡುವ? ನಿಮ್ಮದನ್ನು ಬಟ್ಟೆ ಸುತ್ತಿ ಅಕ್ಕಿ ಡಬ್ಬದ ತಳದಲ್ಲಿ. ನನ್ನದನ್ನು ಸೀಮೆಎಣ್ಣೆ ಸ್ಟವ್ವಿನ ಅಡಿ, ಮಗುಚಿ. ಎಣ್ಣೆ, ಮಸಿ, ಉಕ್ಕಿದ ಗಂಜಿ ಎಲ್ಲ ಅದರ ಮೇಲೆ. ಹಳೆಯದಾಗಬೇಕೆಂದು ಎಷ್ಟು ಆಸೆ ಇತ್ತೋ ಅಷ್ಟೂ ಹಳೆಯದಾಯಿತು.

ಫೆಬ್ರವರಿ ಕೊನೆಗೆ ಅವರು ಹೋದರು. ಹೋಗುವಾಗ ಎಣ್ಣೆಬಾವಿಗಳಿಗೆ ಬೆಂಕಿ ಇಟ್ಟು ಹೋದರು. ಮಧ್ಯಾಹ್ನ ಹನ್ನೆರಡಕ್ಕೆ ದೀಪ ಹಚ್ಚಬೇಕು, ಒಣಗಲು ಹಾಕಿದ ಬಿಳಿ ಅಂಗಿ ಚುಕ್ಕೆ ಚುಕ್ಕೆ. ಆಗ ನಾನು ಆ ಪ್ಲೇಟು ಹೊರತೆಗೆದೆ. ಬಣ್ಣ ತಗಡಿನ ತನಕ ಉಜ್ಜಿ ತೆಗೆದೆ. ಅಂಕೆಗಳನ್ನು ಮತ್ತೆ ತಟ್ಟಿದೆ, ನೀವು ಹೇಳಿದ ಹಾಗೆ ಮರದ ಸುತ್ತಿಗೆಯಲ್ಲಿ, ಆತುರವಿಲ್ಲದೆ. ಕಪ್ಪು ಬಣ್ಣಕ್ಕೆ ತೊಂದರೆಯಿಲ್ಲ. ಬಿಳಿ ಹಚ್ಚಿದರೆ ಒಣಗುವುದರೊಳಗೆ ಮಸಿ ಬಂದು ಕೂರುತ್ತದೆ. ನಾಲ್ಕು ಸಲ ಅಳಿಸಿ ನಾಲ್ಕು ಸಲ ಹಚ್ಚಿದೆ. ಕೊನೆಗೆ ಕಿಟಕಿಯ ಸಂದಿಗೆಲ್ಲ ಒದ್ದೆ ಬಟ್ಟೆ ತುರುಕಿ, ನಿಮ್ಮ ಮಂಚದ ಅಡಿ ಇಟ್ಟು, ಸುತ್ತಲೂ ನಿಮ್ಮ ಚಾದರ ಇಳಿಬಿಟ್ಟು ಒಣಗಿಸಿದೆ. ಮೂರು ದಿನ ಆ ಮಂಚದ ಹತ್ತಿರ ಜೋರಾಗಿ ಉಸಿರೂ ಬಿಡಲಿಲ್ಲ. ಹೊರಗೆ ತೆಗೆದಾಗ ಏನು ಮಿಂಚು ಅಂತೀರಿ! ಅವರಪ್ಪ ಕಾರು ತಂದ ದಿನದ್ದೇ. ಇನ್ನು ನೀವು ಬಂದು ಮೂಲೆಗೆ ಗೀರು ಎಳೆಯುವುದೊಂದೇ ಬಾಕಿ ಎಂದುಕೊಂಡೆ. ನೀವು ಬರಲಿ ಎಂದು ಅಬು ಸಾಲೆಂಗೆ ಸುದ್ದಿಯೇ ಕೊಟ್ಟಿರಲಿಲ್ಲ.

ಬಂದದ್ದು ಲೀಲಕ್ಕನ ಕಾಗದ. ಅದರಲ್ಲಿ ಒಂದು ಮಾತು ಬರೆದಿದ್ದಾರೆ. ನೀವು ಊರು ತಲುಪಿದ ಮೇಲೆ ಅವರು, ‘ಸಂಜೀವನ ಪ್ಲೇಟಿಗೆ ಗುರುತು ಹಾಕಿದಿರಂತೆ’ ಎಂದು ಕೇಳಿದರಂತೆ. ನೀವು ನಕ್ಕಿರಂತೆ. “ಹಾಗೆ ಬರ್ದಿದ್ದಾನಾ ಅವ? ಹಾಗಾದ್ರೆ ಸರಿ ಮಾಡ್ತಾನೆ ಬಿಡು” ಎಂದಿರಂತೆ.

ಆ ಸಾಲು ಎಷ್ಟು ಸಲ ಓದಿದೆ ಎಂದು ಕೇಳಬೇಡಿ.

ನಿನ್ನೆ ಬ್ನೇದ್ ಅಲ್ ಗಾರಿಗೆ ಹೊರಡುವ ಮುಂಚೆ ಮೊಳೆ ಕೈಯಲ್ಲಿ ಹಿಡಿದು ಕುಳಿತಿದ್ದೆ. ನಿಮ್ಮ ಕೋಳಿಕಾಲನ್ನು ನೀವೇ ನೋಡಿದರೂ ನಿಮ್ಮದಲ್ಲ ಎನ್ನಲಾಗದ ಹಾಗೆ ಎಳೆಯಬಲ್ಲೆ, ಅದು ನಿಮಗೂ ಗೊತ್ತು. ಮೊಳೆಯ ತುದಿ ತಗಡಿಗೆ ತಾಗಿಯೂ ತಾಗಿತ್ತು. ಯಾಕೋ ಕೈ ಮುಂದೆ ಹೋಗಲಿಲ್ಲ. ಮೊಳೆ ಜೇಬಿಗೆ ಹಾಕಿಕೊಂಡು ಹೊರಟೆ.

ಅಬು ಸಾಲೆಂ ಸೊರಗಿದ್ದಾರೆ. ಕಾರನ್ನು ಹಾಸಿಗೆಗಳ ರಾಶಿಯ ಹಿಂದೆ ಉಳಿಸಿಕೊಂಡಿದ್ದಾರೆ. “ವೇನ್ ಉಸ್ತಾದ್?”, ಗುರುಗಳೆಲ್ಲಿ, ಎಂದು ನನ್ನ ಹಿಂದೆ ನೋಡಿದರು. ನಾನು ಬೆರಳು ಮೇಲಕ್ಕೆ ತೋರಿಸಿದೆ. ಅವರು ಕಾರಿನ ಮೆಟ್ಟಿಲ ಮೇಲೆ ಕುಳಿತುಬಿಟ್ಟರು. ಆಮೇಲೆ ಎರಡೂ ಪ್ಲೇಟು ತಿರುಗಿಸಿ ಹಿಂಬದಿ ನೋಡಿದರು. ಕೋಳಿಕಾಲಿನ ಸಂಗತಿ ನೀವು ಅವರಿಗೆ ಹೇಳಿದ್ದಿರಾ? ನನಗೆ ಗೊತ್ತಿರಲಿಲ್ಲ. ಒಂದರ ಮೂಲೆ ಮುಟ್ಟಿದರು, ಇನ್ನೊಂದರ ಮೂಲೆ ಮುಟ್ಟಿದರು. “ಇದರಲ್ಲಿ ಯಾಕಿಲ್ಲ?”

ಹತ್ತು ಕಥೆ ಹೇಳಬಹುದಿತ್ತು. ನನ್ನ ಬಾಯಿ ನಿಮಗೆ ಗೊತ್ತಲ್ಲ.

“ಅದು ನಾನು ಮಾಡಿದ್ದು,” ಎಂದೆ. “ಉಸ್ತಾದ್ ಇನ್ನೂ ನೋಡಿಲ್ಲ.”

ಅವರು ಸ್ಕ್ರೂಗಳನ್ನು ನನ್ನ ಅಂಗೈಗೆ ಹಾಕಿದರು. ಮುಂದೆ ನಿಮ್ಮದು, ಹಿಂದೆ ನನ್ನದು. ಕಾರು ಗೇಟು ದಾಟಿ ಹೋಗುವಾಗ ಹಿಂದೆ ನಿಂತವನಿಗೆ ಕಂಡದ್ದು ನನ್ನದು ಮಾತ್ರ. ನಿಮ್ಮದು ಆಗಲೇ ಮುಂದೆ ಹೋಗಿಬಿಟ್ಟಿತ್ತು.

ರಾಯ್ ಪೇಟೆಯ ಅಂಗಡಿ ಮುಂದಿನ ವಾರ ತೆರೆಯುತ್ತೇನೆ. ಕಫೀಲ್ ಬಂದಿದ್ದಾರೆ. ಇನ್ನು ಮುಂದೆ ಹಳೆ ನಮೂನೆಯದ್ದು ಎಷ್ಟು ಮಾಡಿದರೂ ಹಿಂಬದಿಯ ಆ ಮೂಲೆಗೆ ಬಣ್ಣ ಹಚ್ಚುವುದಿಲ್ಲ, ಮೊಳೆಯನ್ನೂ ತಾಗಿಸುವುದಿಲ್ಲ. ಎರಡು ಬೆರಳಿನಷ್ಟು ಜಾಗ, ಬರೀ ತಗಡು. ಅದು ನಿಮ್ಮದು.

ನಿಮ್ಮ
ಸಂಜೀವ