ಎದ್ದು ಹೋದರೂ ಬರುತ್ತಾಳೆ

ಅಮ್ಮನಿಗೆ ನಮಸ್ಕಾರಗಳು.

ಮುಂದಿನ ವಾರ ಅಜ್ಜಿ ಬರುತ್ತಾಳೆಂದು ನಿನ್ನ ಮೊಮ್ಮಗಳು ಗುಬ್ಬಿ ಕುಣಿಯುತ್ತಿದ್ದಾಳೆ. ಅದಕ್ಕೆ ಮೊದಲು ನಿನಗೊಂದು ವಿಷಯ ತಿಳಿಸಬೇಕು. ಅವಳಿಗೆ ಗಮನ ನಿಲ್ಲದ ತೊಂದರೆಯಿದೆ ಎಂದು ಮಕ್ಕಳ ಡಾಕ್ಟರು ಹೇಳಿದ್ದಾರೆ. "ನಾಲ್ಕು ಬಿಟ್ರೆ ಸರಿಹೋಗ್ತಾಳೆ" ಎಂದು ನೀನು ಫೋನಿನಲ್ಲಿ ಅಂದಿದ್ದೆ. ಅದು ಏಟಿಗೆ ಹೋಗುವಂಥದ್ದಲ್ಲವಂತೆ.

ಮೊದಲ ಆರು ತಿಂಗಳು, ಇಂಥ ಮಕ್ಕಳನ್ನು ನೋಡಿಕೊಳ್ಳುವ ತರಬೇತಿಗೆ ಹೋದವರು ನಾವು ಗಂಡ ಹೆಂಡತಿಯೇ. ಒಂದು ಸಲಕ್ಕೆ ಒಂದೇ ಕೆಲಸ ಹೇಳುವುದನ್ನು, ಮಾಡಿದ ಕೂಡಲೇ ಮೆಚ್ಚುವುದನ್ನು ಕಲಿತೆವು. ಟೀಚರು ಅವಳನ್ನು ಮುಂದಿನ ಬೆಂಚಿಗೆ ಕರೆದರು. ಮನೆಯಲ್ಲಿ ಕೂಗಾಟ ನಿಂತಿತು, ಲೆಕ್ಕ ಮಾತ್ರ ಅರ್ಧಕ್ಕೇ ನಿಲ್ಲುತ್ತಿತ್ತು. ಹಾಗಾಗಿ ಈಗ ಬೆಳಿಗ್ಗೆ ತಿಂಡಿಯಾದ ಮೇಲೆ ಡಾಕ್ಟರು ಬರೆದುಕೊಟ್ಟ ಒಂದು ಸಣ್ಣ ಮಾತ್ರೆಯನ್ನೂ ಕೊಡುತ್ತಿದ್ದೇವೆ. ಅದರಿಂದ ಹಸಿವು ಸ್ವಲ್ಪ ಕಡಿಮೆಯಾಗಿದೆ, ತಟ್ಟೆಯಲ್ಲಿ ಬಿಟ್ಟರೆ ಗದರಬೇಡ. ಮೊನ್ನೆ ಇಡೀ ಪುಟ ಮುಗಿಸಿದವಳು, ನಾನು ಹೊಲಿಗೆ ಯಂತ್ರ ನಿಲ್ಲಿಸುವವರೆಗೂ ಪಕ್ಕದಲ್ಲೇ ನಿಂತಿದ್ದು, "ಅಪ್ಪಾ, ನಾನು ದಡ್ಡಿ ಅಲ್ಲ, ಅಲ್ವಾ?" ಎಂದಳು.

ಡಾಕ್ಟರು ನನ್ನನ್ನೂ ಕೇಳಿದರು: "ಚಿಕ್ಕವರಿದ್ದಾಗ ನೀವು ಹೇಗಿದ್ರಿ?"

"ಸರಿಯಾಗೇ ಇದ್ದೆ" ಎಂದೆ. ನಿನ್ನ ಸೊಸೆ ನನ್ನ ತೋಳು ತಿರುಗಿಸಿ, ಕೂತಲ್ಲಿ ಕೂರದ್ದಕ್ಕೆ ಆಗ ಬಿದ್ದ ಬರೆಯ ಗುರುತು ತೋರಿಸಿದಳು.

ದೂರುತ್ತಿಲ್ಲಮ್ಮ. ಆಗ ಯಾರಿಗೂ ಗೊತ್ತಿರಲಿಲ್ಲ. ಬಂದಾಗ ಗುಬ್ಬಿಯ ಪಕ್ಕ ಕೂತು ಲೆಕ್ಕ ಮಾಡಿಸು. ನಡುವೆ ಎದ್ದು ಓಡಿದರೆ ಸುಮ್ಮನೆ ಕಾದಿರು. ತಾನಾಗಿ ಬರುತ್ತಾಳೆ.

ನಿನ್ನ ಮಗ